ಅನ್ನ, ಔಷಧ ಮತ್ತು ಹೊತ್ತು: ಆಹಾರ–ಔಷಧ ಪರಸ್ಪರ ಕ್ರಿಯೆಯ ಸಮೀಕ್ಷೆ

ಬಾಯಿಯ ಮೂಲಕ ಸೇವಿಸುವ ಔಷಧಕ್ಕೆ ಶರೀರದೊಳಗೆ ಪ್ರತ್ಯೇಕವಾದ ಮಾರ್ಗವೆಂಬುದಿಲ್ಲ. ಅನ್ನ ಇಳಿಯುವ ನಾಳದಲ್ಲಿಯೇ ಮಾತ್ರೆಯೂ ಇಳಿಯುತ್ತದೆ. ಮುದ್ದೆ, ಸಾರು, ಮಜ್ಜಿಗೆಗಳನ್ನು ಬರಮಾಡಿಕೊಳ್ಳುವ ಜಠರವೇ ಅದನ್ನೂ ಕರಗಿಸುತ್ತದೆ. ಆಹಾರದ ಸತ್ವವನ್ನು ಹೀರುವ ಸಣ್ಣ ಕರುಳಿನ ಗೋಡೆಯೇ ಅದನ್ನೂ ಹೀರುತ್ತದೆ. ಹೀರಿದ್ದನ್ನು ಪರಿವರ್ತಿಸುವ ಪಿತ್ತಜನಕಾಂಗವೂ ಉಳಿದುದನ್ನು ಹೊರಹಾಕುವ ಮೂತ್ರಪಿಂಡಗಳೂ ಎರಡಕ್ಕೂ ಒಂದೇ. ಈ ಮಾರ್ಗದಲ್ಲಿ ಆಹಾರದ ಯಾವುದಾದರೊಂದು ಅಂಶವು ರಕ್ತದಲ್ಲಿನ ಔಷಧದ ಪ್ರಮಾಣವನ್ನಾಗಲಿ ಅದರ ಪರಿಣಾಮವನ್ನಾಗಲಿ ಏರಿಸಿದರೆ ಅಥವಾ ಇಳಿಸಿದರೆ ಅದನ್ನು ಔಷಧಶಾಸ್ತ್ರವು ಆಹಾರ–ಔಷಧ ಪರಸ್ಪರ ಕ್ರಿಯೆ ಎಂದು ಕರೆಯುತ್ತದೆ. ಅನೇಕ ಔಷಧಗಳ ಮಟ್ಟಿಗೆ ಈ ಏರಿಳಿತವು ಗಣನೆಗೆ ಬಾರದಷ್ಟು ಚಿಕ್ಕದು. ಆದರೆ ಗುಣ ಮಾಡುವ ಪ್ರಮಾಣಕ್ಕೂ ಹಾನಿ ಮಾಡುವ ಪ್ರಮಾಣಕ್ಕೂ ನಡುವಿನ ಅಂತರ ಕಿರಿದಾಗಿರುವ ಔಷಧಗಳಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಹೃದಯದ ಡಿಜಾಕ್ಸಿನ್, ಮೂರ್ಛೆರೋಗದ ಫೆನಿಟಾಯಿನ್, ಮನೋರೋಗಕ್ಕೆ ಕೊಡುವ ಲಿಥಿಯಂ, ಅಂಗಾಂಗ ಕಸಿಯ ನಂತರ ಕೊಡುವ ಟ್ಯಾಕ್ರೊಲಿಮಸ್ ಮೊದಲಾದವುಗಳಲ್ಲಿ, ಸಣ್ಣ ವ್ಯತ್ಯಾಸವೂ ರೋಗಿಯನ್ನು ಆಸ್ಪತ್ರೆಗೆ ಸೇರಿಸಬಲ್ಲದು.

ಔಷಧದೊಡನೆ ಆಹಾರದ ಕಟ್ಟುಪಾಡು ಇರಬೇಕೆಂಬ ತಿಳಿವಳಿಕೆ ಭಾರತೀಯ ಸಮಾಜಕ್ಕೆ ಹೊಸದಲ್ಲ. ಆಯುರ್ವೇದವು ಪಥ್ಯಾಪಥ್ಯ ವಿಚಾರವನ್ನು ಚಿಕಿತ್ಸೆಯ ಅಂಗವೆಂದೇ ಪರಿಗಣಿಸಿದೆ. ಔಷಧವನ್ನು ಜೇನು, ತುಪ್ಪ, ಹಾಲು, ಬಿಸಿನೀರುಗಳಲ್ಲಿ ಯಾವುದರೊಡನೆ ಸೇವಿಸಬೇಕೆಂಬುದನ್ನು ಅನುಪಾನವೆಂಬ ಹೆಸರಿನಲ್ಲಿ ವಿಧಿಸಿದೆ. ಇಂಗ್ಲಿಷ್ ಮಾತ್ರೆ ತೆಗೆದುಕೊಳ್ಳುವವರೂ ಈ ರೂಢಿಯನ್ನು ಬಿಡದೆ, ಬದನೆಕಾಯಿ ತಿನ್ನಬಹುದೇ, ಮೊಸರು ಬಿಡಬೇಕೇ ಎಂದು ವೈದ್ಯರನ್ನು ಕೇಳುವುದುಂಟು. ಈ ಪ್ರಶ್ನೆಯ ಹಿಂದಿರುವ ಎಚ್ಚರ ಸರಿಯಾದುದೇ ಆದರೂ, ಬಿಡಬೇಕಾದ ಪದಾರ್ಥಗಳ ಪಟ್ಟಿಯೊಂದೇ ಅದಕ್ಕೆ ಉತ್ತರವಾಗಲಾರದು. ಕಳೆದ ಆರೇಳು ದಶಕಗಳಲ್ಲಿ ಬೆಳಕಿಗೆ ಬಂದ ಪ್ರಕರಣಗಳನ್ನೂ ಅಧ್ಯಯನಗಳನ್ನೂ ಒಟ್ಟಾಗಿಟ್ಟು ನೋಡಿದರೆ, ಹೆಚ್ಚಿನ ಸಂದರ್ಭಗಳಲ್ಲಿ ಬೇಕಾದುದು ಹೊತ್ತಿನ ಅಂತರ, ಇನ್ನು ಕೆಲವೆಡೆ ಬೇಕಾದುದು ಪ್ರಮಾಣದ ಸ್ಥಿರತೆ ಎಂಬುದೂ, ಪೂರ್ತಿಯಾಗಿ ವರ್ಜಿಸಲೇಬೇಕಾದ ಸಂದರ್ಭಗಳು ಕೆಲವೇ ಎಂಬುದೂ ಸ್ಪಷ್ಟವಾಗುತ್ತದೆ. ಈ ಮೂರನ್ನು ಬೇರ್ಪಡಿಸಿ ಹೇಳದಿದ್ದರೆ ರೋಗಿಯು ಬಿಡಬೇಕಿಲ್ಲದ್ದನ್ನು ಬಿಟ್ಟು, ಬಿಡಬೇಕಾದುದನ್ನು ತಿನ್ನುವಂತಾಗುತ್ತದೆ.

ಹೀರಿಕೆಯ ಹಂತ

ಪರಸ್ಪರ ಕ್ರಿಯೆಗಳಲ್ಲಿ ಅತ್ಯಂತ ಸಾಮಾನ್ಯವಾದವು ಜಠರ ಮತ್ತು ಸಣ್ಣ ಕರುಳಿನಲ್ಲಿ, ಔಷಧವು ರಕ್ತವನ್ನು ಸೇರುವುದಕ್ಕೆ ಮುಂಚೆಯೇ ನಡೆಯುತ್ತವೆ. ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್‌ಗಳೂ ಸಿಪ್ರೊಫ್ಲಾಕ್ಸಸಿನ್ ಮೊದಲಾದ ಕ್ವಿನೊಲೋನ್‌ಗಳೂ ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂಗಳೊಡನೆ ಬಿಗಿಯಾಗಿ ಬೆಸೆದುಕೊಂಡು, ಕರುಳು ಹೀರಲಾರದ ಸಂಯುಕ್ತಗಳಾಗಿಬಿಡುತ್ತವೆ. ಈ ಬೆಸುಗೆಗೆ ರಸಾಯನಶಾಸ್ತ್ರದಲ್ಲಿ ಕೀಲೇಶನ್ ಎಂದು ಹೆಸರು. ಹಾಲಿನೊಡನೆ ಸೇವಿಸಿದಾಗ ಟೆಟ್ರಾಸೈಕ್ಲಿನ್‌ನ ಹೀರಿಕೆ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಕುಸಿಯುತ್ತದೆ. ಸಿಪ್ರೊಫ್ಲಾಕ್ಸಸಿನ್ ಹಾಲು ಅಥವಾ ಮೊಸರಿನೊಡನೆ ಸುಮಾರು ಮೂರನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಮಾತ್ರೆ ಉಷ್ಣವೆಂಬ ನಂಬಿಕೆಯಿಂದ ಅದರ ಹಿಂದೆಯೇ ಒಂದು ಲೋಟ ಹಾಲು ಕುಡಿಯುವ ಅಭ್ಯಾಸ ಕರ್ನಾಟಕದ ಅನೇಕ ಮನೆಗಳಲ್ಲಿರುವುದರಿಂದ ಈ ಸಂಗತಿಗೆ ಇಲ್ಲಿ ವಿಶೇಷ ಮಹತ್ವವಿದೆ. ಹೀರಿಕೆ ಕಡಿಮೆಯಾದಾಗ ರೋಗ ಗುಣವಾಗದಿರುವುದಷ್ಟೇ ಅಲ್ಲ, ಅರೆಪ್ರಮಾಣದ ಔಷಧಕ್ಕೆ ಒಡ್ಡಿಕೊಂಡ ರೋಗಾಣುಗಳು ಅದಕ್ಕೆ ಜಗ್ಗದ ಶಕ್ತಿಯನ್ನು ಗಳಿಸುವ ಅಪಾಯವೂ ಇದೆ. ಹಾಗೆಂದು ಆಂಟಿಬಯಾಟಿಕ್ ಎಂದೊಡನೆ ಹಾಲು ಮೊಸರುಗಳನ್ನು ವಾರಗಟ್ಟಲೆ ಬಿಡಬೇಕಾಗಿಲ್ಲ. ಅಮಾಕ್ಸಿಸಿಲಿನ್‌ನಂಥವುಗಳಿಗೆ ಹಾಲು ಅಡ್ಡಿಯೇ ಅಲ್ಲ, ಅಡ್ಡಿಯಾಗುವ ಔಷಧಗಳಿಗೂ ಕೆಲವು ಗಂಟೆಗಳ ಅಂತರ ಸಾಕು.

ಹೊತ್ತಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಡುವ ಔಷಧವೆಂದರೆ ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದವರಿಗೆ ಕೊಡುವ ಲೆವೊಥೈರಾಕ್ಸಿನ್. ಅದನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ತಿಂಡಿಗೆ ಮುಂಚೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಯಬೇಕೆಂಬುದು ಸಾಮಾನ್ಯ ಸೂಚನೆ. ತಿಂಡಿ ಎಂದರೆ ಇಡ್ಲಿ, ಉಪ್ಪಿಟ್ಟು ಮಾತ್ರವೆಂದು ತಿಳಿದು, ಎದ್ದೊಡನೆ ಕುಡಿಯುವ ಫಿಲ್ಟರ್ ಕಾಫಿಯನ್ನು ಲೆಕ್ಕಕ್ಕೆ ಹಿಡಿಯದವರು ಬಹಳ. ಆದರೆ ಕಾಫಿಯೇ ಈ ಔಷಧದ ಹೀರಿಕೆಯನ್ನು ತಗ್ಗಿಸುತ್ತದೆಂಬುದನ್ನು ಇಟಲಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಸೋಯಾ, ನಾರಿನಂಶ ಹೆಚ್ಚಿರುವ ಆಹಾರ, ಕ್ಯಾಲ್ಸಿಯಂ ಹಾಗೂ ಕಬ್ಬಿಣದ ಮಾತ್ರೆಗಳೂ ಇದೇ ಪರಿಣಾಮ ಉಂಟುಮಾಡುತ್ತವೆ. ಕೊನೆಯ ಎರಡಕ್ಕೆ ನಾಲ್ಕು ಗಂಟೆಗಳ ಅಂತರ ಬೇಕು. ಥೈರಾಯ್ಡ್ ಪರೀಕ್ಷೆಯ ಅಂಕೆಗಳು ಸರಿಹೋಗದಿದ್ದಾಗ ಔಷಧದ ಪ್ರಮಾಣವನ್ನು ಹೆಚ್ಚಿಸುವ ಮೊದಲು ಬೆಳಗಿನ ಕಾಫಿಯ ಹೊತ್ತನ್ನು ವಿಚಾರಿಸುವುದು ಒಳ್ಳೆಯ ಚಿಕಿತ್ಸೆಯ ಭಾಗ.

ಕಬ್ಬಿಣದ ಮಾತ್ರೆಗಳ ವಿಷಯ ಇನ್ನೂ ವ್ಯಾಪಕವಾದುದು, ಏಕೆಂದರೆ 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ಕೊಡಲಾಗುತ್ತದೆ. ಚಹಾದ ಟ್ಯಾನಿನ್‌ಗಳು ಸಸ್ಯಮೂಲದ ಮತ್ತು ಮಾತ್ರೆಯ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ; ಊಟದೊಡನೆ ಕುಡಿದ ಒಂದು ಲೋಟ ಚಹಾ ಆ ಊಟದ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು, ಕಾಫಿಯ ಪರಿಣಾಮ ಅದಕ್ಕಿಂತ ಸ್ವಲ್ಪ ಕಡಿಮೆ. ಇದಕ್ಕೆ ವಿರುದ್ಧವಾಗಿ ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ಸಿ ಜೀವಸತ್ವವು ಕಬ್ಬಿಣವನ್ನು ಕರುಳು ಸುಲಭವಾಗಿ ಹೀರುವ ರೂಪಕ್ಕೆ ತರುತ್ತದೆ. ಮಾತ್ರೆಯನ್ನು ಚಹಾದೊಡನೆ ನುಂಗುವುದಕ್ಕೂ ನಿಂಬೆ ಪಾನಕದೊಡನೆ ನುಂಗುವುದಕ್ಕೂ ಖರ್ಚಿನಲ್ಲಿ ವ್ಯತ್ಯಾಸವಿಲ್ಲ, ಫಲದಲ್ಲಿ ಬಹಳ ವ್ಯತ್ಯಾಸವಿದೆ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್‌ನಲ್ಲಿ ಈ ಕಟ್ಟುನಿಟ್ಟು ತುದಿ ಮುಟ್ಟುತ್ತದೆ: ಬರಿಹೊಟ್ಟೆಯಲ್ಲಿ ಬರಿಯ ನೀರಿನೊಡನೆ ತೆಗೆದುಕೊಂಡಾಗಲೂ ಶೇಕಡಾ ಒಂದಕ್ಕಿಂತ ಕಡಿಮೆಯಷ್ಟೇ ಹೀರಲ್ಪಡುವ ಈ ಔಷಧ, ಕಾಫಿ ಅಥವಾ ಕಿತ್ತಳೆ ರಸದೊಡನೆ ಆ ಅಲ್ಪದಲ್ಲೂ ಹೆಚ್ಚಿನ ಪಾಲನ್ನು ಕಳೆದುಕೊಳ್ಳುತ್ತದೆ.

ಆಹಾರವು ಎಲ್ಲೆಡೆಯೂ ಅಡ್ಡಿಯಲ್ಲ. ಕೆಲವೆಡೆ ಅದು ಅಗತ್ಯವೇ ಹೌದು. ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಮಾತ್ರ ಕರಗುವ ಔಷಧಗಳಿಗೆ ಜಿಡ್ಡಿನ ಊಟವೂ ಅದರಿಂದ ಸ್ರವಿಸುವ ಪಿತ್ತರಸವೂ ವಾಹನದಂತೆ ಒದಗುತ್ತವೆ. ಹುಳುಕಡ್ಡಿಗೆ ಕೊಡುವ ಗ್ರಿಸಿಯೊಫಲ್ವಿನ್, ಮೆದುಳಿಗೆ ತಲುಪಿದ ಲಾಡಿಹುಳುವಿನ ಕೋಶಗಳಿಗೆ ಕೊಡುವ ಆಲ್ಬೆಂಡಜೋಲ್, ಮಲೇರಿಯಾಕ್ಕೆ ಆರ್ಟಿಮೀಥರ್‌ನೊಡನೆ ಕೊಡುವ ಲ್ಯೂಮೆಫ್ಯಾಂಟ್ರಿನ್ ಇವೆಲ್ಲ ಈ ಗುಂಪಿಗೆ ಸೇರಿದವು. ಕೊಬ್ಬಿರುವ ಊಟದೊಡನೆ ಲ್ಯೂಮೆಫ್ಯಾಂಟ್ರಿನ್‌ನ ಹೀರಿಕೆ ಸುಮಾರು ಹದಿನಾರು ಪಟ್ಟು ಹೆಚ್ಚುತ್ತದೆಂದು ದಾಖಲಾಗಿರುವುದರಿಂದ, ಜ್ವರದ ಬಾಯಿಗೆ ಏನೂ ಸೇರದ ರೋಗಿಗೂ ಮಾತ್ರೆಯೊಡನೆ ಒಂದು ಲೋಟ ಹಾಲನ್ನಾದರೂ ಕುಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಹೀಗೆ ಟೆಟ್ರಾಸೈಕ್ಲಿನ್‌ಗೆ ಶತ್ರುವಾದ ಹಾಲು ಲ್ಯೂಮೆಫ್ಯಾಂಟ್ರಿನ್‌ಗೆ ಮಿತ್ರನಾಗುವುದರಿಂದ, ಔಷಧದ ಹೆಸರು ಹೇಳದೆ ಯಾವುದೇ ಪದಾರ್ಥವನ್ನು ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸಲಾಗದು.

ಪಾರ್ಕಿನ್ಸನ್ ರೋಗದ ಲೆವೊಡೋಪಾ ಇನ್ನೊಂದು ಬಗೆಯ ಉದಾಹರಣೆ. ಈ ಅಣುವು ಸ್ವತಃ ಅಮೈನೊ ಆಮ್ಲವಾಗಿರುವುದರಿಂದ, ಬೇಳೆ, ಹಾಲು, ಮೊಟ್ಟೆ, ಮಾಂಸಗಳ ಪ್ರೋಟೀನು ಅರಗಿದಾಗ ಹುಟ್ಟುವ ಅಮೈನೊ ಆಮ್ಲಗಳೊಡನೆ ಅದು ಕರುಳಿನ ಗೋಡೆಯಲ್ಲಿಯೂ ಮೆದುಳಿನ ಹೊಸ್ತಿಲಲ್ಲಿಯೂ ಒಂದೇ ವಾಹಕಕ್ಕಾಗಿ ಸ್ಪರ್ಧಿಸಬೇಕಾಗುತ್ತದೆ. ಮಧ್ಯಾಹ್ನದ ಊಟದ ನಂತರ ಕೈಕಾಲುಗಳು ಮತ್ತೆ ಬಿಗಿಯುವ ರೋಗಿಗಳಿಗೆ ಊಟಕ್ಕೆ ಅರ್ಧ ಗಂಟೆ ಮುಂಚೆ ಔಷಧ ಕೊಡುವುದು, ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಸರಿಸುವುದು ಈ ಕಾರಣಕ್ಕಾಗಿಯೇ. ಆಯುರ್ವೇದದಲ್ಲಿ ಬಳಕೆಯಲ್ಲಿರುವ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಸ್ವಾಭಾವಿಕವಾಗಿಯೇ ಇರುವುದರಿಂದ, ಅದರ ಪುಡಿಯನ್ನು ವೈದ್ಯರಿಗೆ ತಿಳಿಸದೆ ಮಾತ್ರೆಯ ಜೊತೆ ಸೇರಿಸುವುದು ಪ್ರಮಾಣವನ್ನು ತಿಳಿಯದೆಯೇ ಹೆಚ್ಚಿಸಿದಂತಾಗುತ್ತದೆ.

ಇಲ್ಲಿ ಒಂದು ಮೂಲಭೂತ ಪ್ರಶ್ನೆ ಏಳುತ್ತದೆ: ಔಷಧದ ಚೀಟಿಯಲ್ಲಿ ‘ಊಟದೊಡನೆ’ ಎಂದು ಬರೆದಾಗ ಅದು ಯಾವ ಊಟ? ಹೊಸ ಔಷಧಗಳ ಮೇಲೆ ಆಹಾರದ ಪರಿಣಾಮವನ್ನು ಅಳೆಯಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸೂಚಿಸಿದ ಮಾದರಿ ಊಟವು 800ರಿಂದ 1000 ಕ್ಯಾಲೊರಿಗಳದಾಗಿದ್ದು, ಅದರ ಅರ್ಧದಷ್ಟು ಕ್ಯಾಲೊರಿಗಳು ಕೊಬ್ಬಿನಿಂದ ಬರಬೇಕು. ಬೆಣ್ಣೆಯಲ್ಲಿ ಕರಿದ ಎರಡು ಮೊಟ್ಟೆ, ಹಂದಿಮಾಂಸದ ಎರಡು ಪಟ್ಟಿ, ಬೆಣ್ಣೆ ಸವರಿದ ಎರಡು ತುಂಡು ಬ್ರೆಡ್ಡು, ಹುರಿದ ಆಲೂಗಡ್ಡೆ, ಒಂದು ಲೋಟ ಗಟ್ಟಿ ಹಾಲು ಅದರ ಉದಾಹರಣೆ. ಹಬೆಯಲ್ಲಿ ಬೆಂದ ಎರಡು ಇಡ್ಲಿ ಮತ್ತು ಚಟ್ನಿಯನ್ನಾಗಲಿ, ಸೊಪ್ಪಿನ ಸಾರಿನೊಡನೆ ಉಂಡ ರಾಗಿಮುದ್ದೆಯನ್ನಾಗಲಿ ಅದಕ್ಕೆ ಸಮಾನವೆಂದು ಭಾವಿಸಲು ಆಧಾರವಿಲ್ಲ. ಮಾತ್ರೆಯಿಂದ ಹೊಟ್ಟೆ ಉರಿಯದಿರಲೆಂದು ಊಟದ ನಂತರ ಕೊಡುವ ನೋವು ನಿವಾರಕಗಳಿಗೆ ಅಥವಾ ಮೆಟ್‌ಫಾರ್ಮಿನ್‌ಗೆ ಯಾವ ಊಟವಾದರೂ ನಡೆದೀತು. ಆದರೆ ಕೊಬ್ಬಿನಲ್ಲಿ ಕರಗಿಯೇ ಹೀರಲ್ಪಡುವ ಔಷಧಗಳಿಗೆ ಊಟ ಎಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಕಿಣ್ವಗಳ ಹಂತ

ಹೀರಿಕೆಯನ್ನು ದಾಟಿದ ಔಷಧವನ್ನು ಶರೀರವು ಪರಕೀಯ ವಸ್ತುವೆಂದೇ ಬಗೆದು, ಕಿಣ್ವಗಳ ನೆರವಿನಿಂದ ಒಡೆದು ಹೊರಹಾಕಲು ತೊಡಗುತ್ತದೆ. ಈ ಕಿಣ್ವಗಳಲ್ಲಿ ಸಿವೈಪಿ 3ಎ4 ಎಂಬುದು ಬಳಕೆಯಲ್ಲಿರುವ ಔಷಧಗಳ ದೊಡ್ಡ ಪಾಲನ್ನು ನಿಭಾಯಿಸುತ್ತದೆ. ಅದು ಪಿತ್ತಜನಕಾಂಗದಲ್ಲಿ ಮಾತ್ರವಲ್ಲದೆ ಕರುಳಿನ ಗೋಡೆಯಲ್ಲಿಯೂ ಇರುವುದರಿಂದ, ನುಂಗಿದ ಔಷಧದ ಒಂದು ಭಾಗ ರಕ್ತವನ್ನು ಸೇರುವ ಮುನ್ನವೇ ನಾಶವಾಗುತ್ತದೆ. ಔಷಧ ತಯಾರಕರು ಈ ನಷ್ಟವನ್ನು ಲೆಕ್ಕ ಹಾಕಿಯೇ ಮಾತ್ರೆಯ ಪ್ರಮಾಣವನ್ನು ನಿಗದಿ ಮಾಡಿರುತ್ತಾರೆ. ಆಹಾರದ ಯಾವುದೋ ಅಂಶವು ಕಿಣ್ವವನ್ನು ಸ್ತಬ್ಧಗೊಳಿಸಿದರೆ ಈ ಲೆಕ್ಕ ತಲೆಕೆಳಗಾಗಿ, ಒಂದು ಮಾತ್ರೆ ಹಲವು ಮಾತ್ರೆಗಳಷ್ಟು ಪರಿಣಾಮ ಬೀರುತ್ತದೆ.

ಈ ಸಂಗತಿ ಪತ್ತೆಯಾದದ್ದು ಆಕಸ್ಮಿಕವಾಗಿ. ಕೆನಡಾದ ಒಂಟಾರಿಯೊ ಪ್ರಾಂತದ ಲಂಡನ್ ನಗರದಲ್ಲಿ ಡೇವಿಡ್ ಬೇಲಿ ಮತ್ತು ಸಂಗಡಿಗರು ರಕ್ತದೊತ್ತಡದ ಫೆಲೊಡಿಪಿನ್ ಔಷಧಕ್ಕೂ ಮದ್ಯಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸುತ್ತಿದ್ದಾಗ, ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ರಸವನ್ನು ಬೆರೆಸಿದ್ದರು. ರಕ್ತದಲ್ಲಿ ಔಷಧದ ಮಟ್ಟ ನಿರೀಕ್ಷೆಗಿಂತ ಹಲವು ಪಟ್ಟು ಹೆಚ್ಚಿದ್ದುದಕ್ಕೆ ಕಾರಣ ಮದ್ಯವಲ್ಲ, ಆ ರಸವೇ ಎಂಬುದು 1989 ಮತ್ತು 1991ರ ಪ್ರಕಟಣೆಗಳಿಂದ ಖಚಿತವಾಯಿತು. ಹಣ್ಣಿನಲ್ಲಿರುವ ಫ್ಯುರಾನೊಕೌಮರಿನ್ ಎಂಬ ಸಂಯುಕ್ತಗಳು ಕರುಳಿನ ಕಿಣ್ವವನ್ನು ಮರಳಿ ಕೆಲಸ ಮಾಡಲಾರದಂತೆ ಕೆಡಿಸುವುದರಿಂದ, ಹೊಸ ಕಿಣ್ವ ಹುಟ್ಟುವವರೆಗೆ, ಅಂದರೆ ಒಂದು ದಿನವೋ ಅದಕ್ಕೂ ಹೆಚ್ಚೋ, ಪರಿಣಾಮ ಉಳಿದಿರುತ್ತದೆ. ಹೀಗಾಗಿ ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಹೊಂದಾಣಿಕೆ ಇಲ್ಲಿ ನಡೆಯದು. ಇದು ವರ್ಜಿಸಲೇಬೇಕಾದ ಕೆಲವೇ ಸಂದರ್ಭಗಳಲ್ಲಿ ಒಂದು. ಬೇಲಿಯವರ ತಂಡದ ನಂತರದ ಸಮೀಕ್ಷೆಯು ಇಂಥ 85ಕ್ಕೂ ಹೆಚ್ಚು ಔಷಧಗಳನ್ನು ಗುರುತಿಸಿ, ಅವುಗಳಲ್ಲಿ 43ರಲ್ಲಿ ಗಂಭೀರ ಅಪಾಯ ಸಾಧ್ಯವೆಂದು ಹೇಳಿತು.

ಗ್ರೇಪ್‌ಫ್ರೂಟ್ ಕರ್ನಾಟಕದ ಸಂತೆಗಳಲ್ಲಿ ಅಪರೂಪವಾದರೂ ಅದರ ಪೂರ್ವಜವಾದ ಚಕ್ಕೋತ ಅಪರೂಪವಲ್ಲ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಚಕ್ಕೋತ ಮತ್ತು ಸಿಹಿ ಕಿತ್ತಳೆಗಳ ಸಂಕರದಿಂದ ಹುಟ್ಟಿದ ಗ್ರೇಪ್‌ಫ್ರೂಟ್ ತನ್ನ ಫ್ಯುರಾನೊಕೌಮರಿನ್‌ಗಳನ್ನು ಪಡೆದದ್ದು ಚಕ್ಕೋತದಿಂದಲೇ. ಚಕ್ಕೋತದ ರಸವು ಸೈಕ್ಲೊಸ್ಪೋರಿನ್ ಮಟ್ಟವನ್ನು ಏರಿಸುತ್ತದೆಂಬುದೂ, ಚಕ್ಕೋತ ತಿಂದ ಕಸಿರೋಗಿಯಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿತೆಂಬುದೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಆದುದರಿಂದ ಮೂತ್ರಪಿಂಡದ ಕಸಿ ಮಾಡಿಸಿಕೊಂಡವರೂ, ಕೊಲೆಸ್ಟರಾಲ್ ತಗ್ಗಿಸಲು ಸಿಮ್ವಾಸ್ಟಾಟಿನ್ ಅಥವಾ ಅಟೊರ್ವಾಸ್ಟಾಟಿನ್ ಸೇವಿಸುವವರೂ ಚಕ್ಕೋತದ ವಿಷಯದಲ್ಲಿ ಎಚ್ಚರದಿಂದಿರಬೇಕು. ರೊಸುವಾಸ್ಟಾಟಿನ್ ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸದ ಕಾರಣ ಅದಕ್ಕೆ ಈ ಭಯವಿಲ್ಲ, ರಕ್ತದೊತ್ತಡಕ್ಕೆ ಬಹಳವಾಗಿ ಬಳಸುವ ಆಮ್ಲೊಡಿಪಿನ್ ಮೇಲೆ ಪರಿಣಾಮ ಅತ್ಯಲ್ಪ. ಹಣ್ಣಿನ ರಸಗಳು ಕೆಲವೊಮ್ಮೆ ವಿರುದ್ಧ ದಿಕ್ಕಿನಲ್ಲಿಯೂ ಕೆಲಸ ಮಾಡುತ್ತವೆ: ಅಲರ್ಜಿಗೆ ಕೊಡುವ ಫೆಕ್ಸೊಫೆನಡೀನ್ ಅನ್ನು ಕರುಳಿನಿಂದ ಒಳಗೊಯ್ಯುವ ವಾಹಕವನ್ನು ಗ್ರೇಪ್‌ಫ್ರೂಟ್, ಕಿತ್ತಳೆ, ಸೇಬಿನ ರಸಗಳು ತಡೆಯುವುದರಿಂದ ಅದರ ಮಟ್ಟ ಅರ್ಧಕ್ಕಿಂತ ಕೆಳಗಿಳಿಯಬಹುದು.

ಕರಿಮೆಣಸಿನ ವಿಷಯದಲ್ಲಿ ಭಾರತೀಯ ಸಂಶೋಧನೆಯೇ ಮುಂಚೂಣಿಯಲ್ಲಿದೆ. ಶುಂಠಿ, ಮೆಣಸು, ಹಿಪ್ಪಲಿಗಳ ತ್ರಿಕಟು ಆಯುರ್ವೇದದ ಅನೇಕ ಯೋಗಗಳಲ್ಲಿ ಏಕಿದೆ ಎಂಬ ಪ್ರಶ್ನೆಯನ್ನು ಹಿಡಿದು, ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಸಿ. ಕೆ. ಅಟಲ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಿಂದ ನಡೆಸಿದ ಕೆಲಸವು, ಮೆಣಸಿನ ಪೈಪರೀನ್ ಎಂಬ ಅಂಶವು ಇತರ ಔಷಧಗಳ ಲಭ್ಯತೆಯನ್ನು ಹೆಚ್ಚಿಸುತ್ತದೆಂದು ತೋರಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್‌ನೊಡನೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಮನುಷ್ಯರಲ್ಲಿ ಅರಿಸಿನದ ಈ ಸತ್ವದ ಲಭ್ಯತೆ ಶೇಕಡಾ 2000ದಷ್ಟು ಹೆಚ್ಚಿದ್ದು ಕಂಡುಬಂದಿತು. ಫೆನಿಟಾಯಿನ್, ಪ್ರೊಪ್ರನೊಲಾಲ್, ಥಿಯೊಫಿಲಿನ್‌ಗಳ ಮಟ್ಟವೂ ಪೈಪರೀನ್‌ನಿಂದ ಏರುತ್ತದೆಂದು ತಿಳಿದಿದೆ. ಕ್ಷಯದ ಔಷಧವಾದ ರಿಫಾಂಪಿಸಿನ್ ಅನ್ನು ರೂಢಿಯ 450 ಮಿಲಿಗ್ರಾಂ ಬದಲು 200 ಮಿಲಿಗ್ರಾಂಗೆ ಇಳಿಸಿ, ಅದಕ್ಕೆ 10 ಮಿಲಿಗ್ರಾಂ ಪೈಪರೀನ್ ಸೇರಿಸಿದ ಸಂಯೋಜಿತ ಔಷಧವೊಂದು 2009ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಮೆಣಸಿನ ಕಾಳಿನಲ್ಲಿ ಪೈಪರೀನ್ ಸುಮಾರು ಶೇಕಡಾ ಐದರಷ್ಟು ಇರುವುದರಿಂದ 20 ಮಿಲಿಗ್ರಾಂಗೆ ಅರ್ಧ ಗ್ರಾಂ ಪುಡಿಯೂ ಬೇಕಾಗದು. ಸಾರಿನಲ್ಲಿ ಕುದಿದು ಅನ್ನದೊಡನೆ ಬೆರೆತ ಮೆಣಸು ಶುದ್ಧೀಕರಿಸಿದ ಪೈಪರೀನ್‌ನಷ್ಟೇ ಪ್ರಬಲವಾಗಿ ವರ್ತಿಸುತ್ತದೆಂದು ಇದರಿಂದ ತೀರ್ಮಾನಿಸಲಾಗದಾದರೂ, ನೆಗಡಿಗೆಂದು ದಿನಕ್ಕೆ ಮೂರು ನಾಲ್ಕು ಬಾರಿ ಮೆಣಸಿನ ಕಷಾಯ ಕುಡಿಯುವ ಫೆನಿಟಾಯಿನ್ ರೋಗಿಯ ವಿಷಯದಲ್ಲಿ ಇದು ಅಲಕ್ಷಿಸಬಹುದಾದ ಸಂಗತಿಯಲ್ಲ.

ಪರಿಣಾಮದ ಹಂತ

ಕೆಲವು ಪರಸ್ಪರ ಕ್ರಿಯೆಗಳಲ್ಲಿ ರಕ್ತದಲ್ಲಿನ ಔಷಧದ ಮಟ್ಟ ಬದಲಾಗುವುದೇ ಇಲ್ಲ. ಔಷಧ ಮಾಡುವ ಕೆಲಸವನ್ನು ಆಹಾರವು ಬೇರೊಂದು ದಾರಿಯಿಂದ ಹೆಚ್ಚಿಸುತ್ತದೆ ಅಥವಾ ಅಳಿಸುತ್ತದೆ. ವಾರ್ಫರಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ಅವರ ತಂಡವು ಮುಗ್ಗಿದ ಸ್ವೀಟ್ ಕ್ಲೋವರ್ ಹುಲ್ಲನ್ನು ತಿಂದ ದನಗಳು ರಕ್ತಸ್ರಾವದಿಂದ ಸಾಯುವುದಕ್ಕೆ ಕಾರಣವನ್ನು 1930ರ ದಶಕದಲ್ಲಿ ಹುಡುಕುತ್ತ ಹೊರಟು ಡೈಕೌಮರಾಲ್ ಅನ್ನು ಬೇರ್ಪಡಿಸಿತು. ಅದರ ವಂಶದ ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿ 1948ರಲ್ಲಿಯೂ, ಮನುಷ್ಯರ ಔಷಧವಾಗಿ 1954ರಲ್ಲಿಯೂ ಬಳಕೆಗೆ ಬಂದಿತು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳ ತಯಾರಿಕೆಗೆ ಬೇಕಾದ ಕೆ ಜೀವಸತ್ವವು ಮರಳಿ ಬಳಕೆಗೆ ದೊರೆಯದಂತೆ ತಡೆಯುವುದೇ ಅದರ ಕೆಲಸ. ಭಾರತದಲ್ಲಿ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟು ಕೃತಕ ಕವಾಟ ಅಳವಡಿಸಿಕೊಂಡವರು ವಾರ್ಫರಿನ್ ಅಥವಾ ಅದೇ ಗುಂಪಿನ ಅಸಿನೊಕೌಮರಾಲ್ ಅನ್ನು ಜೀವನಪರ್ಯಂತ ಸೇವಿಸುತ್ತಾರೆ.

ಕೆ ಜೀವಸತ್ವ ಹೇರಳವಾಗಿರುವುದು ಹಸಿರು ಸೊಪ್ಪುಗಳಲ್ಲಿ. ವಯಸ್ಕರ ದೈನಂದಿನ ಅಗತ್ಯ ಸುಮಾರು 100 ಮೈಕ್ರೊಗ್ರಾಂ ಇದ್ದರೆ, 100 ಗ್ರಾಂ ಹಸಿ ಪಾಲಕ್‌ನಲ್ಲಿ 400 ಮೈಕ್ರೊಗ್ರಾಂಗಿಂತ ಹೆಚ್ಚು ಇರುತ್ತದೆ. ಬಸ್ಸಾರು, ಮಸ್ಸೊಪ್ಪು, ಸೊಪ್ಪಿನ ಪಲ್ಯಗಳಿಲ್ಲದೆ ವಾರ ಕಳೆಯದ ಮನೆಗಳಲ್ಲಿ ಇದನ್ನು ಕೇಳಿ ಸೊಪ್ಪನ್ನೇ ನಿಷೇಧಿಸುವ ರೂಢಿ ಬೆಳೆದಿದೆ. ಆದರೆ ಸಾಕ್ಷ್ಯ ಹೇಳುವುದು ಬೇರೆಯೇ. ಔಷಧದ ಪರಿಣಾಮವನ್ನು ಅಳೆಯುವ ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕೆ ಕಾರಣವಿಲ್ಲದೆ ಏರಿಳಿಯುತ್ತಿದ್ದ ರೋಗಿಗಳಿಗೆ ದಿನಕ್ಕೆ 150 ಮೈಕ್ರೊಗ್ರಾಂ ಕೆ ಜೀವಸತ್ವವನ್ನು ನಿಯಮಿತವಾಗಿ ಕೊಟ್ಟಾಗ ಆ ಏರಿಳಿತ ಕಡಿಮೆಯಾಯಿತೆಂದು 2007ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಅಧ್ಯಯನ ತಿಳಿಸಿತು. ಶರೀರದಲ್ಲಿ ಈ ಜೀವಸತ್ವದ ಸಂಗ್ರಹ ಬರಿದಾಗಿದ್ದವರಲ್ಲಿ ಒಂದು ದಿನದ ಸೊಪ್ಪಿನೂಟವೂ ಅಂಕೆಯನ್ನು ಅಲುಗಾಡಿಸುತ್ತದೆ. ನಿತ್ಯವೂ ಅಷ್ಟಿಷ್ಟು ತಿನ್ನುವವರಲ್ಲಿ ಔಷಧದ ಪ್ರಮಾಣವನ್ನು ಆ ಊಟಕ್ಕೆ ಹೊಂದಿಸಿ ನಿಗದಿ ಮಾಡಬಹುದು. ಆದುದರಿಂದ ಸೊಪ್ಪು ತಿನ್ನಬೇಕೇ ಬೇಡವೇ ಎಂಬುದಕ್ಕಿಂತ, ವಾರದಿಂದ ವಾರಕ್ಕೆ ಅದರ ಪ್ರಮಾಣ ಒಂದೇ ಸಮನಾಗಿದೆಯೇ ಎಂಬುದು ಮುಖ್ಯ. ಡಾಬಿಗಾಟ್ರಾನ್, ಅಪಿಕ್ಸಾಬಾನ್ ಮೊದಲಾದ ಹೊಸ ಔಷಧಗಳು ಕೆ ಜೀವಸತ್ವದ ದಾರಿಯನ್ನು ಮುಟ್ಟುವುದಿಲ್ಲವಾದರೂ ಲೋಹದ ಕವಾಟವಿರುವವರಿಗೆ ಅವು ಬದಲಿಯಾಗಲಾರವು.

ಪೊಟ್ಯಾಸಿಯಂ ವಿಷಯದಲ್ಲಿ ಅಪಾಯವು ಸೊಪ್ಪಿಗಿಂತ ಎಳನೀರಿನಲ್ಲಿದೆ. ರಕ್ತದೊತ್ತಡಕ್ಕೂ ಹೃದಯದ ದೌರ್ಬಲ್ಯಕ್ಕೂ ಕೊಡುವ ರಾಮಿಪ್ರಿಲ್, ಎನಾಲಾಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ಗಳು ಮೂತ್ರದ ಮೂಲಕ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುತ್ತವೆ. ಒಂದು ಎಳನೀರಿನಲ್ಲಿ ಅರ್ಧ ಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇರಬಹುದು. ಮೂತ್ರಪಿಂಡಗಳು ಆರೋಗ್ಯವಾಗಿರುವವರಿಗೆ ಅದು ಸಮಸ್ಯೆಯಲ್ಲ. ಆದರೆ ದೀರ್ಘಕಾಲದ ಮಧುಮೇಹದಿಂದ ಮೂತ್ರಪಿಂಡ ಸೊರಗಿದ್ದು, ಈ ಔಷಧಗಳನ್ನೂ ಸೇವಿಸುತ್ತಿದ್ದು, ಬೇಸಿಗೆಯ ದಿನಗಳಲ್ಲಿ ತಂಪಿಗೆಂದು ದಿನಕ್ಕೆರಡು ಎಳನೀರು ಕುಡಿಯುವವರಲ್ಲಿ ರಕ್ತದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸುವ ಮಟ್ಟಕ್ಕೆ ಏರಬಲ್ಲದು. ಸೋಡಿಯಂ ಕಡಿಮೆಯೆಂದು ಮಾರಾಟವಾಗುವ ಉಪ್ಪಿನಲ್ಲಿ ಅದರ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಂ ಕ್ಲೋರೈಡ್ ಆಗಿರುವುದರಿಂದ, ರಕ್ತದೊತ್ತಡದ ಹಿತಕ್ಕೆಂದು ಕೊಂಡ ಉಪ್ಪೇ ಇಂಥವರಿಗೆ ಕೇಡಾಗಬಹುದು. ಕೆಮ್ಮಿನ ಕಷಾಯಗಳಲ್ಲಿ ಬಳಸುವ ಜ್ಯೇಷ್ಠಮಧು ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ. ಅದರ ಗ್ಲೈಸಿರೈಝಿನ್ ಎಂಬ ಅಂಶವು ಕಾರ್ಟಿಸಾಲ್ ಹಾರ್ಮೋನನ್ನು ಮೂತ್ರಪಿಂಡದಲ್ಲಿ ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುವುದರಿಂದ, ಬಹುಕಾಲ ಹೆಚ್ಚಾಗಿ ಸೇವಿಸಿದವರಲ್ಲಿ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಡಿಜಾಕ್ಸಿನ್ ಸೇವಿಸುವವರಲ್ಲಿ ಪೊಟ್ಯಾಸಿಯಂ ಇಳಿದರೆ ಆ ಔಷಧ ವಿಷವಾಗಲು ತಡವಾಗುವುದಿಲ್ಲ.

ಹಾಗಲಕಾಯಿ, ಮೆಂತ್ಯಗಳು ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಬ್ರಿಟನ್ನಿನಲ್ಲಿ ನೆಲೆಸಿದ್ದ ದಕ್ಷಿಣ ಏಷ್ಯಾ ಮೂಲದ ಮಧುಮೇಹಿಯೊಬ್ಬರಲ್ಲಿ ಹಾಗಲಕಾಯಿ ಪಲ್ಯವು ಕ್ಲೋರ್‌ಪ್ರೊಪಮೈಡ್ ಔಷಧದ ಪರಿಣಾಮವನ್ನು ಹೆಚ್ಚಿಸಿದ್ದನ್ನು 1979ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತ್ತು. ಊಟದ ತಟ್ಟೆಯ ಹಾಗಲಕಾಯಿಗಿಂತ, ಮಾತ್ರೆಯೊಡನೆ ಬರಿಹೊಟ್ಟೆಯಲ್ಲಿ ಕುಡಿಯುವ ಅದರ ರಸದಲ್ಲಿ ಅಪಾಯ ಹೆಚ್ಚು. ಅಡಿಕೆಯ ಅರಿಕೊಲಿನ್ ಎಂಬ ಅಂಶವು ನರಗಳ ಮೇಲೆ ಅಸಿಟೈಲ್‌ಕೋಲಿನ್ ಮಾಡುವ ಕೆಲಸವನ್ನೇ ಮಾಡುವುದರಿಂದ, ಮನೋರೋಗದ ಔಷಧಗಳಿಂದ ಉಂಟಾಗುವ ಬಿಗಿತವನ್ನು ತಡೆಯಲು ಕೊಡುವ ಔಷಧಗಳನ್ನು ಅದು ನಿಷ್ಫಲಗೊಳಿಸಿ, ಬಿಗಿತ ಮರುಕಳಿಸುವಂತೆ ಮಾಡಿದ ಪ್ರಕರಣಗಳು 1989ರಲ್ಲಿ ವರದಿಯಾದವು. ಅಡಿಕೆ ಬೆಳೆಯುವ ಮಲೆನಾಡು ಮತ್ತು ಕರಾವಳಿಯ ಮನೋವೈದ್ಯರಿಗೆ, ಎಲೆ-ಅಡಿಕೆ ಹಾಕುವಿರಾ ಎಂಬ ಪ್ರಶ್ನೆ ಹೀಗೆ ಚಿಕಿತ್ಸೆಯ ಪ್ರಶ್ನೆಯೇ ಆಗುತ್ತದೆ. ಲಿಥಿಯಂ ಸೇವಿಸುವವರು ಉಪ್ಪನ್ನು ಹಠಾತ್ತಾಗಿ ಬಿಟ್ಟರೆ ಮೂತ್ರಪಿಂಡಗಳು ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಂಡು ಅದರ ಮಟ್ಟ ವಿಷದ ಅಂಚಿಗೇರುತ್ತದೆ. ಅಲ್ಲಿಯೂ ಬೇಕಾದುದು ಸ್ಥಿರತೆಯೇ.

ಚೀಸ್, ಮೀನು ಮತ್ತು ಕ್ಷಯದ ಔಷಧ

ನ್ಯೂಯಾರ್ಕ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ 1952ರಲ್ಲಿ ಕ್ಷಯರೋಗಿಗಳಿಗೆ ಕೊಟ್ಟ ಇಪ್ರೊನಿಯಾಜಿಡ್ ಅವರ ಮನಸ್ಸನ್ನು ಅನಿರೀಕ್ಷಿತವಾಗಿ ಉಲ್ಲಸಿತಗೊಳಿಸಿದ್ದರಿಂದ, ಖಿನ್ನತೆಯ ಮೊದಲ ಔಷಧಗಳ ಗುಂಪೊಂದು ಹುಟ್ಟಿತು. ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುವುದೇ ಅವುಗಳ ಗುಣ. ಈ ಔಷಧಗಳನ್ನು ಸೇವಿಸುತ್ತಿದ್ದವರಿಗೆ ಚೀಸ್ ತಿಂದ ಮೇಲೆ ತಲೆ ಸಿಡಿಯುವಂಥ ನೋವು, ರಕ್ತದೊತ್ತಡದ ವಿಪರೀತ ಏರಿಕೆ, ಕೆಲವರಲ್ಲಿ ಮೆದುಳಿನ ರಕ್ತಸ್ರಾವ ಉಂಟಾಗುತ್ತಿದ್ದುದನ್ನು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಬ್ಯಾರಿ ಬ್ಲ್ಯಾಕ್‌ವೆಲ್ 1963ರಲ್ಲಿ ವೈದ್ಯಲೋಕದ ಗಮನಕ್ಕೆ ತಂದರು. ಹಳೆಯ ಚೀಸ್‌ನಲ್ಲಿ ಬ್ಯಾಕ್ಟೀರಿಯಾಗಳಿಂದ ಹುಟ್ಟುವ ಟೈರಮೀನ್ ಸಾಮಾನ್ಯವಾಗಿ ಕರುಳಿನಲ್ಲಿಯೇ ಈ ಕಿಣ್ವದಿಂದ ನಾಶವಾಗುತ್ತದೆ. ಕಿಣ್ವವಿಲ್ಲದಾಗ ಅದು ರಕ್ತವನ್ನು ಸೇರಿ ನರತುದಿಗಳಿಂದ ನಾರ್‌ಅಡ್ರಿನಲಿನ್ ಅನ್ನು ಒಮ್ಮೆಲೇ ಹೊರಹಾಕಿಸುತ್ತದೆ. ಖಿನ್ನತೆಗೆ ಈ ಔಷಧಗಳ ಬಳಕೆ ಇಂದು ವಿರಳ. ಆದರೆ ಔಷಧಕ್ಕೆ ಜಗ್ಗದ ಕ್ಷಯಕ್ಕೆ ಕೊಡುವ ಲಿನೆಜೊಲಿಡ್ ಇದೇ ಕಿಣ್ವವನ್ನು ಸೌಮ್ಯವಾಗಿ ತಡೆಯುವುದರಿಂದ, ಹಳೆಯ ಚೀಸ್, ಸೋಯಾ ಸಾಸ್‌ಗಳಂಥ ಟೈರಮೀನ್ ಹೆಚ್ಚಿರುವ ಪದಾರ್ಥಗಳನ್ನು ಆಗ ಮಿತಿಗೊಳಿಸಬೇಕು. ಅಂದಂದೇ ಮಾಡಿದ ಪನೀರು ಈ ಪಟ್ಟಿಗೆ ಸೇರುವುದಿಲ್ಲ.

ಕರ್ನಾಟಕದ ಕರಾವಳಿಗೆ ಹೆಚ್ಚು ಹತ್ತಿರವಾದುದು ಇಪ್ರೊನಿಯಾಜಿಡ್‌ನ ಸೋದರ ಔಷಧವೂ ಕ್ಷಯ ಚಿಕಿತ್ಸೆಯ ಆಧಾರಸ್ತಂಭವೂ ಆದ ಐಸೋನಿಯಾಜಿಡ್‌ನ ವಿಷಯ. ಅದು ಹಿಸ್ಟಮೀನ್ ಅನ್ನು ಒಡೆಯುವ ಕಿಣ್ವವನ್ನೂ ತಡೆಯುತ್ತದೆ. ಬಂಗುಡೆ, ಬೂತಾಯಿ, ಕೇದರ ಮೊದಲಾದ ಮೀನುಗಳನ್ನು ಹಿಡಿದ ಮೇಲೆ ಮಂಜುಗಡ್ಡೆಯಲ್ಲಿಡದೆ ಬಿಸಿಲಿನಲ್ಲಿ ಬಿಟ್ಟರೆ, ಅವುಗಳ ಮಾಂಸದ ಹಿಸ್ಟಿಡಿನ್ ಅನ್ನು ಬ್ಯಾಕ್ಟೀರಿಯಾಗಳು ಹಿಸ್ಟಮೀನ್ ಆಗಿ ಪರಿವರ್ತಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮೀನ್ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಐಸೋನಿಯಾಜಿಡ್ ಸೇವಿಸುವವರು ಇಂಥ ಮೀನನ್ನು ತಿಂದಾಗ ಮುಖ ಕೆಂಪೇರಿ, ತಲೆನೋವು, ಎದೆಬಡಿತಗಳು ಕಾಣಿಸಿಕೊಳ್ಳುವುದನ್ನು ಶ್ರೀಲಂಕೆಯ ಸಿ. ಜಿ. ಉರಗೋಡ ಮತ್ತು ಸಂಗಡಿಗರು 1970ರ ದಶಕದಲ್ಲಿ ವಿವರವಾಗಿ ದಾಖಲಿಸಿದರು. ರೋಗಿಯು ಇದನ್ನು ಮಾತ್ರೆಯ ದೋಷವೆಂದು ಬಗೆದು ಕ್ಷಯದ ಚಿಕಿತ್ಸೆಯನ್ನೇ ನಿಲ್ಲಿಸುವ ಸಂಭವವಿರುವುದರಿಂದ, ತಾಜಾ ಮೀನಿಗೆ ಅಡ್ಡಿಯಿಲ್ಲ, ಹೊತ್ತು ಮೀರಿದ ಮೀನು ಬೇಡ ಎಂಬ ಒಂದು ಮಾತನ್ನು ಮೊದಲೇ ಹೇಳಿಡುವುದು ಚಿಕಿತ್ಸೆಯನ್ನು ಉಳಿಸುತ್ತದೆ.

ಮದ್ಯ ಮತ್ತು ಉಪವಾಸ

ಮದ್ಯದ ಪರಿಣಾಮಗಳು ಹೆಚ್ಚು ಪ್ರಚಾರದಲ್ಲಿರುವುದರಿಂದ ಅವುಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ನಿದ್ರೆಯ ಮತ್ತು ಮೂರ್ಛೆರೋಗದ ಔಷಧಗಳೊಡನೆ ಅದು ಮೆದುಳನ್ನು ಮಂಕುಗೊಳಿಸಿ ಉಸಿರಾಟವನ್ನು ಕುಗ್ಗಿಸುತ್ತದೆ. ಇನ್ಸುಲಿನ್ ಮತ್ತು ಸಲ್ಫೊನೈಲ್‌ಯೂರಿಯಾ ಗುಂಪಿನ ಸಕ್ಕರೆ ಕಾಯಿಲೆಯ ಮಾತ್ರೆಗಳೊಡನೆ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ನಿತ್ಯ ಕುಡಿಯುವವರಲ್ಲಿ ಪ್ಯಾರಾಸಿಟಮಾಲ್‌ನಿಂದ ಪಿತ್ತಜನಕಾಂಗಕ್ಕೆ ಆಗುವ ಹಾನಿಯನ್ನು ಹೆಚ್ಚಿಸುತ್ತದೆ. ಇಲ್ಲಿ ಹೊತ್ತಿನ ಅಂತರವನ್ನಾಗಲಿ ಸ್ಥಿರತೆಯನ್ನಾಗಲಿ ಬೋಧಿಸುವಂತಿಲ್ಲ, ಬಿಡುವುದೊಂದೇ ಮಾರ್ಗ.

ಆಹಾರ ಇರುವುದಷ್ಟೇ ಅಲ್ಲ, ಇಲ್ಲದಿರುವುದೂ ಪರಸ್ಪರ ಕ್ರಿಯೆಯೇ. ಏಕಾದಶಿಯ ಉಪವಾಸದಲ್ಲಿಯೋ ರಂಜಾನ್ ತಿಂಗಳ ಹಗಲಿನಲ್ಲಿಯೋ ಎಂದಿನಂತೆ ಗ್ಲೈಬೆನ್‌ಕ್ಲಮೈಡ್ ಅಥವಾ ಗ್ಲಿಮೆಪಿರೈಡ್ ಸೇವಿಸಿದ ಮಧುಮೇಹಿಯ ಸಕ್ಕರೆ ಹಠಾತ್ತಾಗಿ ಕುಸಿಯುತ್ತದೆ, ಏಕೆಂದರೆ ಬರಲಿರುವ ಊಟಕ್ಕೆಂದು ಬಿಡುಗಡೆಯಾದ ಇನ್ಸುಲಿನ್ನಿಗೆ ಎದುರಾಗುವ ಅನ್ನವೇ ಇರುವುದಿಲ್ಲ. ವ್ರತವನ್ನು ಬಿಡೆಂದು ಹೇಳುವುದಕ್ಕಿಂತ, ವ್ರತದ ದಿನದ ಪ್ರಮಾಣವನ್ನೂ ಹೊತ್ತನ್ನೂ ಮೊದಲೇ ನಿಗದಿ ಮಾಡಿಕೊಡುವ ವೈದ್ಯರ ಮಾತು ಹೆಚ್ಚು ಪಾಲನೆಯಾಗುತ್ತದೆ.

ಹೇಳುವ ಹೊಣೆ

ಮೇಲಿನ ಸಂಗತಿಗಳಿಗೆಲ್ಲ ಒಂದೇ ತೂಕದ ಸಾಕ್ಷ್ಯವಿಲ್ಲ. ಗ್ರೇಪ್‌ಫ್ರೂಟ್, ಹಾಲು, ಕೆ ಜೀವಸತ್ವಗಳ ವಿಷಯದಲ್ಲಿ ನಿಯಂತ್ರಿತ ಅಧ್ಯಯನಗಳ ಬಲವಿದೆ. ಹಾಗಲಕಾಯಿ, ಅಡಿಕೆಗಳ ವಿಷಯದಲ್ಲಿ ಬಿಡಿ ಪ್ರಕರಣಗಳ ವರದಿಗಳೇ ಪ್ರಧಾನ. ಬಿಡಿ ಪ್ರಕರಣವು ಎಚ್ಚರಿಕೆಗೆ ಕಾರಣವಾಗಬಹುದೇ ಹೊರತು ನಿಷೇಧಕ್ಕಲ್ಲ. ಅದೇ ರೀತಿ, ಸಂಶಯ ಬಂದಾಗ ಔಷಧವನ್ನು ತಾನಾಗಿಯೇ ನಿಲ್ಲಿಸುವುದು ಬಹುತೇಕ ಯಾವ ಪರಸ್ಪರ ಕ್ರಿಯೆಗಿಂತಲೂ ಹೆಚ್ಚು ಅಪಾಯಕರ.

ಭಾರತದಲ್ಲಿ 2015ರ ಔಷಧಾಲಯ ವೃತ್ತಿ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯವೆಂದು ಪರಿಗಣಿಸಿವೆ. ಔಷಧಗಳ ಅಡ್ಡಪರಿಣಾಮಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಕಾರ್ಯಕ್ರಮವು 2010ರಿಂದ ನಡೆಯುತ್ತಿದ್ದು, ರೋಗಿಯೂ ನೇರವಾಗಿ ಅದಕ್ಕೆ ವರದಿ ಮಾಡಬಹುದು. ಆದರೆ ಔಷಧದ ಅಂಗಡಿಯಲ್ಲಿ ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕೊಡುವಾಗ, ಇಂಗ್ಲಿಷಿನಲ್ಲಿ ಅಚ್ಚಾದ ಮಾಹಿತಿ ಚೀಟಿ ಪೆಟ್ಟಿಗೆಯಲ್ಲಿಯೇ ಉಳಿದುಬಿಡುತ್ತದೆ. ರೋಗಿಗೆ ದಕ್ಕುವುದು ‘ಊಟಕ್ಕೆ ಮುಂಚೆ’, ‘ಊಟದ ನಂತರ’ ಎಂಬ ಎರಡೇ ಮಾತು. ಅವುಗಳ ಜಾಗದಲ್ಲಿ ಕನ್ನಡದಲ್ಲಿ ಮೂರು ವಾಕ್ಯಗಳಿದ್ದರೆ ಈ ಸಮೀಕ್ಷೆಯ ಬಹುಪಾಲು ಆಚರಣೆಗೆ ಬಂದಂತೆ: ಈ ಮಾತ್ರೆಗೂ ಯಾವ ಆಹಾರಕ್ಕೂ ಎಷ್ಟು ಗಂಟೆಯ ಅಂತರವಿರಬೇಕು, ಯಾವುದನ್ನು ದಿನವೂ ಒಂದೇ ಪ್ರಮಾಣದಲ್ಲಿ ತಿನ್ನಬೇಕು, ಯಾವುದನ್ನು ಚಿಕಿತ್ಸೆ ಮುಗಿಯುವವರೆಗೆ ಮುಟ್ಟಬಾರದು. ಮೂರನೆಯ ಸಾಲು ಬಹುತೇಕ ಚೀಟಿಗಳಲ್ಲಿ ಖಾಲಿಯಾಗಿಯೇ ಉಳಿಯುತ್ತದೆ, ಮತ್ತು ಅದು ಖಾಲಿ ಇದೆಯೆಂದು ಬರಹದಲ್ಲಿ ತಿಳಿದ ರೋಗಿಯು ಭಯದಿಂದ ಬಿಟ್ಟಿದ್ದ ಸೊಪ್ಪನ್ನೂ ಮೊಸರನ್ನೂ ಮೀನನ್ನೂ ಮತ್ತೆ ಊಟಕ್ಕೆ ಸೇರಿಸಿಕೊಳ್ಳಬಹುದು; ದೀರ್ಘಕಾಲದ ರೋಗದಲ್ಲಿ ಶರೀರದ ಪೋಷಣೆ ಕುಂದದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಅರ್ಧಭಾಗವೇ.